ಚಿಗರಿಯ ರೋಗ ಯಾರ ಲೆಕ್ಕಕ್ಕೆ?

ಗೋಕಾಕ ಸೀಮೆಯ ಕಳೆದ ನೂರೈವತ್ತು ವರ್ಷಗಳ ಚರಿತ್ರೆ ಬರೆಯಹೊರಟವರಿಗೆ ಕಾಗದಪತ್ರಗಳ ಬರ ಇಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಧುಪದಾಳದ ಬಳಿ ಘಟಪ್ರಭೆಗೆ ಒಡ್ಡು ಹಾಕಿ ಕಾಲುವೆ ತೆಗೆದರು. ಅದೇ ಹೊತ್ತಿಗೆ ಕೆಳಗೆ, ನದಿ 171 ಅಡಿ ಧುಮುಕುವಲ್ಲಿ, ಗೋಕಾಕ ಮಿಲ್ಲು ಎದ್ದಿತು. ನೀರಿಗೆ ಲೆಕ್ಕವಿತ್ತು, ನೂಲಿಗೆ ಲೆಕ್ಕವಿತ್ತು. 1884ರಲ್ಲಿ ಅಚ್ಚಾದ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರು ನೇಗಿಲು, ಎತ್ತು, ಎಮ್ಮೆಗಳನ್ನು ಎಣಿಸಿಟ್ಟಿತು. ಇದೇ ಬಯಲಲ್ಲಿ ಜೋಳದ ಕೂಳೆ ಮೇಯುತ್ತಿದ್ದ ಚಿಗರಿಗೆ, ಅಂದರೆ ಪುಸ್ತಕದ ಕೃಷ್ಣಮೃಗಕ್ಕೆ, ಸಿಕ್ಕ ಲೆಕ್ಕ ಬೇರೆ ತರಹದ್ದು: ಸಾಹೇಬರ ಶಿಕಾರಿ ಪುಸ್ತಕಗಳಲ್ಲಿ ಅದರ ಕೊಂಬು ಎಷ್ಟು ಇಂಚು ಎಂಬುದು. ಅದು ಹೇಗೆ ಬದುಕಿತು ಎಂಬುದಕ್ಕೆ ಒಂದಿಷ್ಟು ಸಾಲು ಸಿಕ್ಕೀತು. ಯಾವ ರೋಗದಲ್ಲಿ ಸತ್ತಿತು ಎಂಬುದಕ್ಕೆ ಒಂದು ಕಲಮೂ ಮೀಸಲಾಗಿರಲಿಲ್ಲ. ಈ ಕೊರತೆಯನ್ನು ಬರೀ ಮರೆವು ಎಂದು ತಳ್ಳಿಹಾಕುವಂತಿಲ್ಲ. ಕಾಡುಪ್ರಾಣಿಯ ರೋಗ ನಮ್ಮಲ್ಲಿ ಯಾವಾಗಲೂ ಯಾರದಾದರೂ ಆಸ್ತಿಗೆ ಧಕ್ಕೆ ತಂದಾಗ ಮಾತ್ರ ಸರಕಾರದ ಕಣ್ಣಿಗೆ ಬಿದ್ದಿದೆ. ಅದನ್ನು ದಿನಾ ಕಾಣುತ್ತಿದ್ದ ಕಣ್ಣು ಬೇಟೆಗಾರನದು. ಅವನನ್ನು ಯಾರೂ ಕೇಳಲಿಲ್ಲ. ಆಮೇಲೆ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಆ ಕಣ್ಣಿನ ಜಾಗದಲ್ಲಿ ಇನ್ನೊಂದು ಕಣ್ಣನ್ನು ಯಾರೂ ಇಡಲಿಲ್ಲ.

ಬೇಟೆಗಾರ ಎಂದರೆ ಈ ಭಾಗದಲ್ಲಿ ಒಬ್ಬನಲ್ಲ. ಮೇಲಿನ ಮಗ್ಗುಲಿಗೆ ಕೊಲ್ಹಾಪುರ ಸಂಸ್ಥಾನ. ಅದರ ರಾಯಬಾಗ ಮಹಾಲು ಗೋಕಾಕಿನ ಬಗಲಲ್ಲೇ ಇತ್ತು. ದೇಶದ ಚೀತಾಗಳು ವಿರಳವಾದ ಮೇಲೂ ಆಫ್ರಿಕದಿಂದ ಚೀತಾ ತರಿಸಿ ಚಿಗರಿಯ ಮೇಲೆ ಬಿಡುವ ಷೋಕಿ ಅಲ್ಲಿಯ ಅರಮನೆಗೆ 20ನೇ ಶತಮಾನದಲ್ಲೂ ಇತ್ತು. ನದಿಯ ಕೆಳದಂಡೆಗೆ ಘೋರ್ಪಡೆಯವರ ಮುಧೋಳ. ಮೊಲ, ಚಿಗರಿಗಳ ಬೆನ್ನುಹತ್ತಲೆಂದೇ ಬೆಳೆಸಿದ ತೆಳು ಹೊಟ್ಟೆಯ ಬೇಟೆನಾಯಿಗೆ ಆ ಊರಿನ ಹೆಸರೇ ನಿಂತಿದೆ. ಇವರ ನಡುವೆ ಊರೂರಿನ ಬೇಡರು. ಇನ್ನೂ ಕೆಳಗೆ, ಯಾವ ಊರಿಗೂ ಸೇರದೆ, ಚಿಗರಿ ಹಿಡಿಯುವುದೇ ಕುಲಕಸುಬಾದ ಹರಣಶಿಕಾರಿ, ಪಾರ್ಧಿ, ಅಡವಿಚಿಂಚರರು. ರಾಜನಿಗೆ ಬೇಕಾದದ್ದು ಓಟದ ಮೋಜು. ಹರಣಶಿಕಾರಿಗೆ ಬೇಕಾದದ್ದು ಮಾಂಸ, ತೊಗಲು, ಅವನ್ನು ಕೊಟ್ಟು ತರುವ ಜೋಳ. ಅವನ ಸಾಧನವೂ ಬೇರೆ: ಪಳಗಿಸಿದ ಎತ್ತಿನ ಮರೆಯಲ್ಲಿ ಹಿಂಡಿನ ಹತ್ತಿರಕ್ಕೆ ಸರಿಯುವುದು, ಹಾದಿಗೆ ಅಡ್ಡಲಾಗಿ ನರದ ಉರುಲುಗಳ ಸಾಲು ಹೂಳುವುದು, ಇಲ್ಲವೇ ಸಾಕಿದ ಗಂಡು ಚಿಗರಿಯ ಕೊಂಬಿಗೆ ಉರುಲು ಸುತ್ತಿ ಬಿಡುವುದು. ಹಿಂಡಿನ ಯಜಮಾನ ಕಾದಾಡಲು ನುಗ್ಗಿ ಬಂದು ಕೊಂಬು ಸಿಕ್ಕಿಸಿಕೊಳ್ಳುತ್ತಿತ್ತು. ಮೊಗಲರ ದರಬಾರಿನಲ್ಲೂ ಇದ್ದ ತಂತ್ರವಿದು. ಇದಕ್ಕೆ ಬಂದೂಕಿನಂತೆ ನೂರು ಮಾರು ದೂರ ಸಾಲದು. ತಾಸುಗಟ್ಟಲೆ ಹಿಂಡನ್ನು ನೋಡುತ್ತ ಕೂಡಬೇಕು; ಯಾವುದು ಹಿಂದೆ ಬೀಳುತ್ತದೆ, ಯಾವುದರ ಬೆನ್ನಿನ ಕೂದಲು ಒರಟಾಗಿದೆ, ಯಾವುದರ ಹಿಂಗಾಲು ಭೇದಿಯಿಂದ ಒದ್ದೆಯಾಗಿದೆ ಎಂಬುದು ಅವನಿಗೆ ಗೊತ್ತಿರಲೇಬೇಕು, ಏಕೆಂದರೆ ಅವನು ಹಿಡಿದದ್ದನ್ನು ಅವನ ಮಕ್ಕಳೇ ತಿನ್ನುವುದು.

ಕೊಯ್ದ ಮೇಲೆ ಗೊತ್ತಾಗುವುದು ಇನ್ನೂ ಹೆಚ್ಚು. ನೆರಡಿ, ಅಂದರೆ ಆಂಥ್ರಾಕ್ಸ್, ಹೊಡೆದ ಪ್ರಾಣಿಯ ರಕ್ತ ಕಪ್ಪಗಿದ್ದು ಹೆಪ್ಪುಗಟ್ಟುವುದಿಲ್ಲ, ಗುಲ್ಮ ಊದಿ ಮೆತ್ತಗಾಗಿರುತ್ತದೆ. ದೊಡ್ಡರೋಗ ಬಡಿದದ್ದರ ಬಾಯಿ ಬಿಡಿಸಿದರೆ ಒಸಡು, ತುಟಿಯ ಒಳಮೈ ಮೇಲೆಲ್ಲ ತೌಡು ಚೆಲ್ಲಿದಂತೆ ಬಿಳಿ ಹೊಟ್ಟು ಕೂತಿರುತ್ತದೆ, ದೊಡ್ಡ ಕರುಳಿನಲ್ಲಿ ಕೆಂಪು ಪಟ್ಟೆ ಎದ್ದಿರುತ್ತದೆ. ಗಂಟಲಬೇನೆಯಲ್ಲಿ ಕೊರಳ ಕೆಳಗಿನ ಚರ್ಮ ಕೊಯ್ದರೆ ಹಳದಿ ನೀರು. ಪಶುವೈದ್ಯನ ಪುಸ್ತಕದಲ್ಲಿ ಇರುವ ಈ ಗುರುತುಗಳೆಲ್ಲ ಕತ್ತಿ ಹಿಡಿದವನ ಕಣ್ಣಿಗೆ ತಾನಾಗಿ ಬೀಳುವಂಥವು. ಅವನಿಗೆ ಕಾರಣ ಗೊತ್ತಿರಲಿಕ್ಕಿಲ್ಲ, ದೇವಿಯ ಮುನಿಸು ಎಂದೇ ಅವನು ತಿಳಿದಿರಬಹುದು. ಆದರೆ ರೋಗ ಬಂದಿದೆ, ಈ ಊರಿನ ಮಡ್ಡಿಯಲ್ಲಿದೆ, ಆ ಊರಿಗೆ ಇನ್ನೂ ಹೋಗಿಲ್ಲ ಎನ್ನುವ ಸುದ್ದಿಗೆ ಕಾರಣ ತಿಳಿದಿರಬೇಕಾಗಿಲ್ಲ. ರೋಗದ ಮೇಲೆ ನಿಗಾ ಇಡುವುದೆಂದರೆ ಮುಕ್ಕಾಲು ಪಾಲು ಇಷ್ಟೇ.

ಈ ಸುದ್ದಿ ಕಚೇರಿಗೆ ಯಾಕೆ ತಲುಪಲಿಲ್ಲ ಎಂಬುದಕ್ಕೆ ಉತ್ತರ ಪಶುವೈದ್ಯದಲ್ಲಿಲ್ಲ, ಪೊಲೀಸು ಚರಿತ್ರೆಯಲ್ಲಿದೆ. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಹಿಡಿದವರನ್ನು ನೇಣಿಗೆ ಹಾಕಿತು. ಆ ಕಥೆ ಲಾವಣಿಯಾಗಿ ಉಳಿದು, ಜೆ. ಎಫ್. ಫ್ಲೀಟರ ಸಂಗ್ರಹದಿಂದ ಅಚ್ಚಿಗೂ ಬಂತು. ಅಲ್ಲಿಂದಾಚೆ ಆಯುಧ ಹಿಡಿದ ಹಳ್ಳಿಗ ಸರಕಾರದ ಪಾಲಿಗೆ ಅನುಮಾನದ ಆಸಾಮಿ. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರ ತಿದ್ದುಪಡಿಯ ಹೊತ್ತಿಗೆ ಮುಂಬಯಿ ಪ್ರಾಂತಕ್ಕೂ ಬಂತು. ಅಲೆದಾಡಿ ಬೇಟೆಯಾಡುವವನು ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ಸೆಟಲ್ಮೆಂಟುಗಳೆದ್ದವು. ಬಯಲು ಬಲ್ಲವರನ್ನು ಗಿರಣಿಯ ಕೂಲಿಗೆ ಹಚ್ಚಿದರು. ಕಾಯಿದೆ 1952ರಲ್ಲಿ ರದ್ದಾಯಿತು. ಹೀಗೆ ಗುರುತು ಹತ್ತಿಸಿಕೊಂಡವನೊಬ್ಬ ಮಾಮಲೇದಾರರ ಕಚೇರಿಗೆ ಹೋಗಿ, ಮಡ್ಡಿಯಲ್ಲಿ ಚಿಗರಿ ಸಾಯುತ್ತಿವೆ ಎಂದು ಹೇಳುವುದುಂಟೆ? ಹೇಳಿದರೆ ಮೊದಲ ಪ್ರಶ್ನೆ, ನೀನು ಅಲ್ಲಿ ಏನು ಮಾಡುತ್ತಿದ್ದೆ ಎಂದು.

ಇತ್ತ ಸರಕಾರಕ್ಕೆ ರೋಗದ ಭಯವೇನೂ ಕಡಿಮೆ ಇರಲಿಲ್ಲ. ದೊಡ್ಡರೋಗ, ಇಂಗ್ಲಿಷಿನವರ ರಿಂಡರ್‌ಪೆಸ್ಟ್, ಒಂದು ಸುತ್ತು ಬಂತೆಂದರೆ ಊರಿನ ಎತ್ತುಗಳನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಎತ್ತು ಹೋದರೆ ಉಳುಮೆ ಹೋಯಿತು, ಉಳುಮೆ ಹೋದರೆ ಕಂದಾಯ. ಆದ್ದರಿಂದಲೇ 1869ರಲ್ಲಿ ಹ್ಯಾಲನ್ ಎಂಬ ಮಿಲಿಟರಿ ಪಶುವೈದ್ಯನ ಮುಂದಾಳುತನದಲ್ಲಿ ದನಗಳ ಪಿಡುಗಿನ ಆಯೋಗ ಕೂತು 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ರೋಗಾಣು ಪ್ರಯೋಗಾಲಯ ತೆರೆದು, 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಎಲ್ಲದರ ಗುರಿ ಎತ್ತು-ದನ. ಆದರೆ ವೈರಾಣುವಿಗೆ ಕೊಟ್ಟಿಗೆಯ ದನ, ಬಯಲಿನ ಮೃಗ ಎಂಬ ಭೇದವಿಲ್ಲ. ಗೊರಸು ಸೀಳಿದ, ಮೆಲುಕು ಹಾಕುವ ಬಹುತೇಕ ಪ್ರಾಣಿಗಳಿಗೂ ಅದು ತಗಲುತ್ತದೆ. ನಮ್ಮ ರಾಜ್ಯದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ 1968ರದು. ಬಂಡೀಪುರ-ಮುದುಮಲೆ ಕಾಡಿಗೆ ದೊಡ್ಡರೋಗ ನುಗ್ಗಿ ಕಾಟಿಗಳ ಹಿಂಡುಗಳನ್ನು ನೆಲಕ್ಕೆ ಕೆಡವಿತು. ಅದು ಲೆಕ್ಕಕ್ಕೆ ಬಂದದ್ದು ಎರಡು ಕಾರಣಕ್ಕೆ: ಕಾಟಿ ಗಾತ್ರದಲ್ಲಿ ದೊಡ್ಡದು, ಕಾಡಿಗೆ ಕಾವಲಿತ್ತು. ಗೋಕಾಕ, ಮೂಡಲಗಿಯ ಬಯಲಿನ ಚಿಗರಿಗೆ ಇವೆರಡೂ ಇರಲಿಲ್ಲ. ಎತ್ತಿನ ಜೊತೆ ಒಂದೇ ಕೂಳೆ ಮೇಯ್ದು ಒಂದೇ ಹಳ್ಳದ ನೀರು ಕುಡಿಯುತ್ತಿದ್ದ ಹಿಂಡನ್ನು ಅಷ್ಟು ಸುತ್ತಿನ ದೊಡ್ಡರೋಗ ಮುಟ್ಟದೆ ಹೋಯಿತು ಎಂದು ನಂಬುವುದು ಕಷ್ಟ.

ರೋಗ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದು ಇಲ್ಲಿ ಮುಖ್ಯ. ಹಳೇ ಕಾಲದ ಅಧಿಕಾರಿಗಳಿಗೂ ರೈತರಿಗೂ ಕಾಡುಪ್ರಾಣಿಯೇ ರೋಗದ ಉಗ್ರಾಣ, ಅದರಿಂದ ದನಕ್ಕೆ ಬರುತ್ತದೆ ಎಂಬ ಗುಮಾನಿ. ಆಫ್ರಿಕದಲ್ಲಿ ಇದೇ ಗುಮಾನಿಯ ಮೇಲೆ ಸಾವಿರಾರು ಕಾಡುಪ್ರಾಣಿಗಳನ್ನು ಕೊಂದರು. ಸೆರೆಂಗೆಟಿ ಬಯಲು ಇದನ್ನು ತಲೆಕೆಳಗು ಮಾಡಿತು. 1950-60ರ ದಶಕಗಳಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದರು, ಕಾಡಿನ ಒಂದು ಪ್ರಾಣಿಗೂ ಹಾಕಲಿಲ್ಲ. ಆದರೂ ವೈಲ್ಡ್‌ಬೀಸ್ಟ್‌ಗಳಲ್ಲಿ ರೋಗ ಮಾಯವಾಗಿ, ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ಅವುಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ಉಗ್ರಾಣ ದನದ ಹಿಂಡೇ ಆಗಿತ್ತು. ನಮ್ಮಲ್ಲೂ 1954ರಿಂದ ದೇಶಾದ್ಯಂತ ಲಸಿಕೆ ನಡೆದು, ಕೊನೆಯ ಪ್ರಕರಣ 1995ರಲ್ಲಿ ಕಂಡು, 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತು. ಚಿಗರಿಯ ಆರೋಗ್ಯಕ್ಕೆ ಸರಕಾರ ಮಾಡಿದ ಅತಿ ದೊಡ್ಡ ಉಪಕಾರ ಇದೇ ಇರಬೇಕು, ಮಾಡಿದ್ದು ಎತ್ತಿಗಾಗಿ.

ಈಗ ಅಮೆರಿಕದ ಕಡೆ ನೋಡಿದರೆ ಇದರ ತಿರುಗುಮುರುಗು ಚಿತ್ರ ಕಾಣುತ್ತದೆ. 1967ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಕೂಡಿಹಾಕಿದ್ದ ಜಿಂಕೆಗಳು ಮೇವಿದ್ದರೂ ಸೊರಗಿ ಸಾಯತೊಡಗಿದವು. ಜೊಲ್ಲು ಸುರಿಸುತ್ತ, ಕಿವಿ ಜೋತುಬಿಟ್ಟು, ಕಾಲಗಲಿಸಿ ನಿಲ್ಲುತ್ತಿದ್ದವು. ಇದು ಮಿದುಳನ್ನು ತೂತು ಮಾಡುವ ರೋಗ ಎಂದು 1970ರ ದಶಕದ ಕೊನೆಗೆ ಗೊತ್ತಾಯಿತು. 1981ರಲ್ಲಿ ಕಾಡಿನ ಎಲ್ಕ್‌ನಲ್ಲೂ ಸಿಕ್ಕಿತು. ಜಿಂಕೆಗಳ ಈ ಸೊರಗು ರೋಗಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಾಣುವೂ ಅಲ್ಲ. ಮಡಿಕೆ ತಪ್ಪಿದ ಪ್ರಿಯಾನ್ ಎಂಬ ಪ್ರೋಟೀನು. ಜೊಲ್ಲು, ಉಚ್ಚೆ, ಹಿಕ್ಕೆಗಳಲ್ಲಿ ಹೊರಬಿದ್ದು ಮಣ್ಣಿಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ಸಾಯುವುದಿಲ್ಲ, ಲಸಿಕೆಯಿಲ್ಲ, ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಈಗ ಅಲ್ಲಿ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇಂಥ ರೋಗ ಎಲ್ಲಿದೆ ಎಂದು ತಿಳಿಯಲು ಅಲ್ಲಿಯ ಸರಕಾರಗಳಿಗಿರುವ ಮುಖ್ಯ ಹಾದಿ ಬೇಟೆಗಾರನೇ. ಅವನು ಹೊಡೆದ ಜಿಂಕೆಯ ತಲೆಯನ್ನು ತಪಾಸಣೆಗೆ ಒಪ್ಪಿಸುತ್ತಾನೆ, ಗಂಟಲ ಹಿಂದಿನ ಗ್ರಂಥಿ ತೆಗೆದು ಪರೀಕ್ಷಿಸುತ್ತಾರೆ, ರೋಗವಿದ್ದರೆ ತಿನ್ನಬೇಡ ಎನ್ನುತ್ತಾರೆ. ಮನುಷ್ಯರಿಗೆ ಹರಡಿದ ಪುರಾವೆ ಈವರೆಗೆ ಇಲ್ಲ. ಆದರೂ ಫ್ರಿಜ್ಜಿನಲ್ಲಿಟ್ಟ ಮಾಂಸವನ್ನು ಮಕ್ಕಳಿಗೆ ಬಡಿಸಲೋ ಬೇಡವೋ ಎನ್ನುವ ಅಳುಕು ಅವನದೇ. ಹಳೇ ಹರಣಶಿಕಾರಿಯ ಅಳುಕಿಗೂ ಇದಕ್ಕೂ ಬಹಳ ಅಂತರವಿಲ್ಲ. ಅಂತರವಿರುವುದು ಕೇಳುವವರು ಇದ್ದಾರೋ ಇಲ್ಲವೋ ಎಂಬುದರಲ್ಲಿ.

ಇಲ್ಲಿ ತಕ್ಕ ಆಕ್ಷೇಪವೊಂದಿದೆ: ಆ ರೋಗ ಭಾರತದಲ್ಲಿ ಕಂಡಿಲ್ಲ, ಮೇಲಾಗಿ ಅದು ಕವಲ್ಗೊಂಬು ಉದುರಿಸುವ ಜಿಂಕೆ ಕುಲದ್ದು, ನಮ್ಮ ಚಿಗರಿ-ಚಿಂಕಾರಗಳು ದನ-ಕುರಿಗಳ ಕುಲಕ್ಕೆ ಸೇರಿದವು, ಇಲ್ಲದ ರೋಗದ ಚಿಂತೆ ಯಾಕೆ? ಮಾತು ನಿಜ. ನನ್ನ ವಾದ ಪ್ರಿಯಾನಿನ ಮೇಲೆ ನಿಂತಿಲ್ಲ. ಆದರೂ ಕುಲ ಬೇರೆ ಎಂದು ನಿಶ್ಚಿಂತರಾಗುವವರು ಬ್ರಿಟನ್ನಿನ ಹುಚ್ಚು ಹಸು ರೋಗವನ್ನು ನೆನೆಯಬೇಕು. 1986ರಲ್ಲಿ ಗುರುತಾದ ಅದು ಎಲುಬು-ಮಾಂಸದ ಪುಡಿ ಬೆರೆತ ಮೇವಿನ ಮೂಲಕ ಅಲ್ಲಿಯ ಮೃಗಾಲಯಗಳ ಕುಡು, ನ್ಯಾಲಾದಂಥ ಹುಲ್ಲೆಗಳಿಗೂ ದಾಟಿತ್ತು. ಬೇಲಿಯಾಚೆಗೂ ರೋಗ ಹೋಗುತ್ತದೆ, ಸಾಗಾಟದ ಪ್ರಾಣಿಯ ಜೊತೆ ಸಾಗರವನ್ನೂ ದಾಟುತ್ತದೆ. ದಕ್ಷಿಣ ಕೊರಿಯಕ್ಕೆ ಜಿಂಕೆಯ ಸೊರಗು ರೋಗ ಹೋದದ್ದು ಕೆನಡಾದಿಂದ ತರಿಸಿದ ಎಲ್ಕ್‌ಗಳ ಜೊತೆ. ಇರಲಿ. ಪ್ರಿಯಾನು ಬೇಕಾಗಿಲ್ಲ, ನಮ್ಮ ಜಿಲ್ಲೆಗೆ ಹಳೇ ಗಂಟಲಬೇನೆಯೇ ಸಾಕು. 2025ರ ನವೆಂಬರಿನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿದ್ದ 38 ಚಿಗರಿಗಳಲ್ಲಿ 31 ಕೆಲವೇ ದಿನಗಳಲ್ಲಿ ಸತ್ತುಹೋದವು. ಗಳಲೆ ರೋಗ ಎಂದೂ ಕರೆಯುವ ಈ ಬೇನೆ ಮಳೆಗಾಲಕ್ಕೆ ಮುಂಚೆ ಎತ್ತು-ಎಮ್ಮೆಗಳಿಗೆ ಲಸಿಕೆ ಹಾಕಿಸುವುದರಿಂದ ಪ್ರತಿಯೊಬ್ಬ ರೈತನಿಗೂ ಗೊತ್ತಿರುವುದೇ. ಎಣಿಸಲು ಸಾಧ್ಯವಾದದ್ದು ಅವು ಬೇಲಿಯೊಳಗಿದ್ದುದರಿಂದ. ನಿತ್ಯ ಮೇವು ಹಾಕುವ ಆಳಿದ್ದ, ಹೆಣ ಕೊಯ್ಯುವ ವೈದ್ಯರಿದ್ದರು.

ಈ ಬೇನೆಯನ್ನು ದನದ ತಲೆಗೇ ಪೂರ್ತಿ ಕಟ್ಟುವಂತಿಲ್ಲ ಎಂಬುದನ್ನೂ ಒಪ್ಪಬೇಕು, ಏಕೆಂದರೆ ಅದು ನನ್ನ ಮೇಲಿನ ಮಾತಿಗೆ ಒಂದಿಷ್ಟು ಅಡ್ಡ ಬರುತ್ತದೆ. 2015ರ ಮೇ ತಿಂಗಳಲ್ಲಿ ಕಜಾಕಸ್ತಾನದ ಹುಲ್ಲುಗಾವಲಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಹುಲ್ಲೆಗಳು ಮೂರು ವಾರಗಳಲ್ಲಿ ಸತ್ತವು. ಕಾರಣ ಗಂಟಲಬೇನೆಯನ್ನೂ ತರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯ. ಅದು ಹೊರಗಿನಿಂದ ಬಂದದ್ದಲ್ಲ, ಆ ಪ್ರಾಣಿಗಳ ಗಂಟಲಲ್ಲೇ ತಣ್ಣಗೆ ಬಿದ್ದಿತ್ತು. ಆ ವರ್ಷದ ಅಸಹಜ ಸೆಕೆ, ತೇವಾಂಶ ಅದನ್ನು ಕೆರಳಿಸಿತು ಎಂದು ಸಂಶೋಧಕರು ಕಂಡುಕೊಂಡರು. ಅಂದ ಮೇಲೆ ದನಕ್ಕೆ ಲಸಿಕೆ ಹಾಕಿ ಕೈತೊಳೆದುಕೊಂಡರೆ ಎಲ್ಲ ರೋಗಕ್ಕೂ ಸಾಲುವುದಿಲ್ಲ. ಹವೆ ಕೆಟ್ಟ ವರ್ಷ ಬಯಲಿನಲ್ಲಿ ಕಣ್ಣಿರಬೇಕಾದ ಅಗತ್ಯ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಖಾರದ್ದು. ಬೇಟೆಗಾರನನ್ನು ಕಾಡಿನ ವೈದ್ಯನಂತೆ ಚಿತ್ರಿಸುವುದು ಕಳ್ಳಬೇಟೆಗೆ ಪೀಠಿಕೆ ಹಾಕಿದಂತಲ್ಲವೇ? ಈ ಬಯಲು ಬರಿದಾದದ್ದರಲ್ಲಿ ಉರುಲಿನದೂ, ಸ್ವಾತಂತ್ರ್ಯದ ನಂತರ ಜೀಪಿನ ದೀಪದ ಬೆಳಕಿನಲ್ಲಿ ಹೊಡೆದ ಬಂದೂಕಿನದೂ ಪಾಲಿಲ್ಲವೇ? ಇದೆ. 1972ರ ವನ್ಯಜೀವಿ ಕಾಯಿದೆ ಚಿಗರಿಯನ್ನು ಮೊದಲನೇ ಅನುಸೂಚಿಗೆ ಸೇರಿಸದಿದ್ದರೆ ಇವತ್ತು ರೋಗದ ಮಾತಾಡಲು ಪ್ರಾಣಿಯೇ ಉಳಿಯುತ್ತಿರಲಿಲ್ಲ. ಅಮೆರಿಕದ ಬೇಟೆಗಾರರೂ ಸಾಧುಸಂತರಲ್ಲ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸೊರಗು ರೋಗ ಸಿಕ್ಕಾಗ ಆ ಪ್ರದೇಶದ ಜಿಂಕೆಗಳನ್ನೆಲ್ಲ ಕೊಂದು ರೋಗ ಅಳಿಸಲು ಸರಕಾರ ಹೊರಟಿತು. ಮುಂದಿನ ಹಂಗಾಮಿಗೆ ಬೇಟೆ ಇಲ್ಲದಂತಾದೀತು ಎಂದು ಅನೇಕ ಬೇಟೆಗಾರರೂ ಜಮೀನುದಾರರೂ ಕೈಜೋಡಿಸಲಿಲ್ಲ, ಯೋಜನೆ ಸೋತಿತು. ನಾರ್ವೆಯಲ್ಲಿ 2016ರಲ್ಲಿ ಈ ರೋಗ ಕಂಡ ಮೇಲೆ ಎರಡು ಸಾವಿರದಷ್ಟಿದ್ದ ಇಡೀ ಹಿಮಸಾರಂಗದ ಹಿಂಡನ್ನೇ ತೆಗೆದುಹಾಕಿದರು. ಬೇಟೆ ಮರಳಿ ಬರಲಿ ಎಂದು ನಾನು ವಾದಿಸುತ್ತಿಲ್ಲ. ನೋಡುವುದಕ್ಕೆ ಕೊಲ್ಲಬೇಕಾಗಿಲ್ಲ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಮಂಗಗಳು ಸತ್ತು ಬೀಳುತ್ತಿದ್ದುದನ್ನು ಕಂಡವರು ಸೌದೆಗೆ, ಸೊಪ್ಪಿಗೆ ಹೋದ ಹಳ್ಳಿಗರು. ಜ್ವರ ಮನುಷ್ಯರಿಗೆ ಬಂದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಆ ಮಂಗಗಳ ಸಾವನ್ನೇ ಎಳೆಯಾಗಿ ಹಿಡಿದು ಮಂಗನ ಕಾಯಿಲೆಯ ವೈರಾಣುವನ್ನು ಹುಡುಕಿದರು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ತಿಳಿಸಿ ಎಂಬ ಕಟ್ಟಳೆಯಿದೆ. ಅಲ್ಲಿ ಜನ ಸತ್ತರು, ಆದ್ದರಿಂದ ಕಟ್ಟಳೆಯಾಯಿತು. ಚಿಗರಿ ಸತ್ತರೆ ಜನ ಸಾಯುವುದಿಲ್ಲ.

ಕೊನೆಯದಾಗಿ, ಹಿಂಡು ಕರಗಿದ್ದಕ್ಕೆ ಕಾಲುವೆ, ಕಬ್ಬು, ನೇಗಿಲುಗಳೇ ಕಾರಣವಾಗಿರುವಾಗ ರೋಗಕ್ಕೇಕೆ ಇಷ್ಟು ಮಾತು ಎನ್ನಬಹುದು. ಧುಪದಾಳದ ಒಡ್ಡಿನಿಂದ ಶುರುವಾಗಿ 1970ರ ದಶಕದ ಹಿಡಕಲ್ ಅಣೆಕಟ್ಟಿನವರೆಗೆ ಘಟಪ್ರಭೆಯ ನೀರು ಹರಿದಲ್ಲೆಲ್ಲ ಬಯಲು ಕಬ್ಬಿನ ಗದ್ದೆಯಾಯಿತು, ಚಿಗರಿಗೆ ಓಡಲು ನೆಲ ಉಳಿಯಲಿಲ್ಲ. ನಾನೂ ಅದನ್ನೇ ಮೊದಲ ಕಾರಣ ಎನ್ನುತ್ತೇನೆ. ಆದರೆ ನೆಲ ಕುಗ್ಗಿದಾಗಲೇ ರೋಗದ ತೂಕ ಏರುವುದು. ಬಯಲು ತುಂಬಾ ಚದುರಿದ ಸಾವಿರ ಪ್ರಾಣಿಗಳಲ್ಲಿ ನೂರು ಸತ್ತರೆ ನಾಲ್ಕು ವರ್ಷಕ್ಕೆ ತುಂಬಿಕೊಂಡೀತು. ಒಂದೇ ಮಡ್ಡಿಗೆ ಒತ್ತರಿಸಿದ ಐವತ್ತರಲ್ಲಿ ನಲವತ್ತು ಸತ್ತರೆ ಅಲ್ಲಿಗೆ ಮುಗಿಯಿತು. ಮೂಡಲಗಿಯ ಮಗ್ಗುಲಿಗೆ, ಬೀಳಗಿ-ಮುಧೋಳ ತಾಲ್ಲೂಕುಗಳಲ್ಲಿ, 2016ರಲ್ಲಿ ಘೋಷಿಸಿದ ಯಡಹಳ್ಳಿ ಚಿಂಕಾರ ಅಭಯಾರಣ್ಯ ಅಂಥ ಒಂದು ತುಂಡು ನೆಲ. ಸುಮಾರು 96 ಚದರ ಕಿಲೋಮೀಟರು. ಅದರ ಸುತ್ತ ಕುರುಬರ ಕುರಿಹಿಂಡುಗಳು ಎಂದಿನಿಂದಲೂ ತಿರುಗುವ ಸೀಮೆಯಿದೆ. ಕುರಿಗಳ ಹಿರೇಬೇನೆ ದೊಡ್ಡರೋಗದ ಹತ್ತಿರದ ನೆಂಟ. ಭಾರತದಲ್ಲಿ 1987ರಿಂದ ಗುರುತಾಗಿದೆ, ಮಂಗೋಲಿಯದಲ್ಲಿ 2016-17ರಲ್ಲಿ ಸಾಕಿದ ಹಿಂಡುಗಳಿಂದ ಕಾಡಿನ ಸೈಗಾಗಳಿಗೆ ದಾಟಿ ಸಾವಿರಗಟ್ಟಲೆ ಬಲಿ ತೆಗೆದುಕೊಂಡಿತು.

ಇದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಧುಪದಾಳದ ಹಿನ್ನೀರಿನಲ್ಲಿ 1974ರಿಂದ ಘಟಪ್ರಭಾ ಪಕ್ಷಿಧಾಮವಿದೆ. ಅಲ್ಲಿ ಚಳಿಗಾಲದ ಹಕ್ಕಿಗಳು ಗುಂಪಾಗಿ ಸತ್ತರೆ ಇಲಾಖೆಗಳು ಅಂದೇ ಓಡಿಬರುತ್ತವೆ, ಹಕ್ಕಿಜ್ವರ ಕೋಳಿ ಫಾರಮ್ಮಿಗೆ ಹಬ್ಬೀತೆಂಬ ಅಂಜಿಕೆಯಿಂದ. ಅದೇ ಓಟ ಗೊರಸಿನ ಪ್ರಾಣಿಗೂ ಬೇಕು. ಹೊಲದಲ್ಲಿ ಸತ್ತ ಚಿಗರಿಯನ್ನು ಕಂಡ ಕುರಿಗಾಹಿ ಇವತ್ತಿಗೂ ಅದನ್ನು ಯಾರಿಗೂ ಹೇಳದೆ ದಾಟಿಹೋಗುತ್ತಾನೆ. ಹೇಳಿದರೆ ಕೇಸು ತನ್ನ ಮೇಲೇ ಬಂದೀತು ಎಂಬ 1911ರ ಕಾಲದ ಅಂಜಿಕೆ ಅಳಿದಿಲ್ಲ. ಶಿಕ್ಷೆ ಜೋರಾದಷ್ಟೂ ಅದು ಬಲಿತಿದೆ. ಸತ್ತ ಪ್ರಾಣಿಯ ಸುದ್ದಿ ತಂದವನನ್ನು ಆರೋಪಿಯಂತೆ ಪ್ರಶ್ನಿಸುವುದಿಲ್ಲ ಎಂದು ಅರಣ್ಯ ಇಲಾಖೆ ಬರಹದಲ್ಲಿ ಹೇಳಬೇಕು. ಕುರಿಹಿಂಡಿಗೆ ಲಸಿಕೆ ಹಾಕಲು ಬರುವ ಪಶುವೈದ್ಯರ ದಫ್ತರದಲ್ಲಿ, ಎಷ್ಟು ಕುರಿ, ಎಷ್ಟು ಮೇಕೆ ಎಂಬ ಕಲಮುಗಳ ಪಕ್ಕ, ಈ ಹಂಗಾಮಿನಲ್ಲಿ ಮೇಯುವ ದಾರಿಯಲ್ಲಿ ಸತ್ತ ಚಿಗರಿ, ಚಿಂಕಾರ ಕಂಡೆಯಾ, ಎಲ್ಲಿ, ಬಾಯಿ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಲು ಒಂದು ಕಲಮು ಸೇರಿಸಿದರೆ, ಧುಪದಾಳದಿಂದ ಯಡಹಳ್ಳಿಯವರೆಗಿನ ಬಯಲಿಗೆ ಅದು ಈ ಬಗೆಯ ಮೊದಲ ದಾಖಲೆಯಾದೀತು.